ತುಂಬಿದ ಕೆರೆಗೇ ಕೋಡಿ
ಕ್ರೈಸ್ತ ಜೀವನದಲ್ಲಿ ಸೇವೆಯೂ ವಿಶ್ರಾಂತಿಯೂ

2022ರ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯೂರು ಸೀಮೆಯ ಜನರು ತಮ್ಮ ತಾತಂದಿರ ಬಾಯಿಂದ ಕೇಳಿ ಮಾತ್ರ ಬಲ್ಲ ಒಂದು ನೋಟವನ್ನು ಕಣ್ಣಾರೆ ಕಂಡರು. ಮಾರಿಕಣಿವೆಯ ವಾಣಿವಿಲಾಸ ಸಾಗರವು ತುಂಬಿ ಕೋಡಿ ಹರಿಯಿತು. 1933ರಲ್ಲಿ ಒಮ್ಮೆ ಹೀಗೆ ಹರಿದಿದ್ದ ನೀರು ಮತ್ತೆ ಕೋಡಿಯ ಅಂಚನ್ನು ಮುಟ್ಟಲು 89 ವರ್ಷಗಳು ಬೇಕಾದವು. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣಮಟ್ಟ 130 ಅಡಿ. ಆ ಮಟ್ಟ ಮುಟ್ಟಿದ ಸುದ್ದಿ ಹಬ್ಬಿದ್ದೇ ತಡ, ಜನರು ತಂಡೋಪತಂಡವಾಗಿ ಮಕ್ಕಳು ಮರಿಗಳೊಡನೆ ಬಂದು ನೀರಿಗೆ ಕೈ ಮುಗಿದರು.

ಆದರೆ ಆ 89 ವರ್ಷಗಳ ಕಾಲ ಜಲಾಶಯವು ಸುಮ್ಮನೆ ಇರಲಿಲ್ಲ. ಕೋಡಿ ಬೀಳದಿದ್ದರೂ ಎಡದಂಡೆ ಬಲದಂಡೆಯ ಕಾಲುವೆಗಳಲ್ಲಿ ನೀರು ಹರಿದು ಹಿರಿಯೂರಿನ ಗದ್ದೆ ತೋಟಗಳನ್ನು ಸಾಕಿತು. ಊರುಗಳ ಬಾಯಾರಿಕೆಯನ್ನು ಹಿಂಗಿಸಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾತ್ರ ನೀರಿನ ಮಟ್ಟ ಇಳಿಯುತ್ತ ಹೋಗಿ, ತೂಬಿನ ಬಾಯಿಗೂ ಕೆಳಗಾಗುವ ಭಯ ಹುಟ್ಟುತ್ತಿತ್ತು. ಯಾವ ಜಲಾಶಯದಲ್ಲಿಯೇ ಆಗಲಿ, ಆ ಮಟ್ಟಕ್ಕಿಂತ ಕೆಳಗೆ ನೀರು ಇದ್ದೂ ಇಲ್ಲದಂತೆ. ಕಣ್ಣಿಗೆ ಕಾಣುತ್ತದೆ, ಕಾಲುವೆಗೆ ಇಳಿಯುವುದಿಲ್ಲ.

ಮನುಷ್ಯರಲ್ಲಿಯೂ ಇಂತಹ ಸ್ಥಿತಿಯುಂಟು. ದಿನವೆಲ್ಲ ಪರರಿಗಾಗಿ ಓಡಾಡುವ ವ್ಯಕ್ತಿ ಒಂದು ದಿನ ಎದ್ದು ನಿಂತಿರುತ್ತಾನೆ, ಮಾತನಾಡುತ್ತಾನೆ, ಕೆಲಸವನ್ನೂ ಮಾಡುತ್ತಾನೆ. ಆದರೆ ಅವನಿಂದ ಯಾರಿಗೂ ಏನೂ ಹರಿಯುವುದಿಲ್ಲ. ಮಾತಿನಲ್ಲಿ ತೇವವಿಲ್ಲ, ಕೈಯಲ್ಲಿ ಹದವಿಲ್ಲ. ಕ್ರೈಸ್ತ ಸೇವಾಜೀವನವು ಎರಡು ಸಾವಿರ ವರ್ಷಗಳಿಂದ ಮತ್ತೆ ಮತ್ತೆ ಎದುರಿಸಿದ, ಮತ್ತೆ ಮತ್ತೆ ಮರೆತ ಸಮಸ್ಯೆಯಿದು.

ಕಾಲುವೆಯೋ, ಕೆರೆಯೋ?

ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಶರಣರು ಕೂಡುತ್ತಿದ್ದ ಕಾಲಕ್ಕೆ ತುಸು ಮುಂಚೆ, ಫ್ರಾನ್ಸ್ ದೇಶದ ಕ್ಲೇರ್ವೋ ಎಂಬಲ್ಲಿ ಬರ್ನಾರ್ಡ್ ಎಂಬ ಸಂನ್ಯಾಸಿಯಿದ್ದನು (1090–1153). ಉಪದೇಶವೊಂದರಲ್ಲಿ ಆತನು ತನ್ನ ಶಿಷ್ಯರಿಗೆ ಹೇಳಿದ ಹೋಲಿಕೆ ಮಾರಿಕಣಿವೆಯ ದಂಡೆಯ ಮೇಲೆ ನಿಂತು ಹೇಳಿದಂತಿದೆ. ಕಾಲುವೆ ಬಂದ ನೀರನ್ನು ಬಂದಂತೆಯೇ ಹರಿಯಬಿಟ್ಟು ತಾನು ಬರಿದಾಗುತ್ತದೆ. ಕೆರೆಯಾದರೋ ತಾನು ತುಂಬುವವರೆಗೆ ಕಾದು, ತುಂಬಿದ ಮೇಲೆ ಉಕ್ಕಿದ್ದನ್ನು ನಷ್ಟವಿಲ್ಲದೆ ಕೊಡುತ್ತದೆ. ಜಾಣನಾದವನು ಕೆರೆಯಾಗಲಿ ಎಂಬುದು ಅವನ ಉಪದೇಶದ ಸಾರ. ಧರ್ಮಸಭೆಯಲ್ಲಿ ಕಾಲುವೆಗಳು ಹೇರಳ, ಕೆರೆಗಳು ವಿರಳ ಎಂದು ಅವನು ಮರುಗಿದನು.

ಇದು ಅನುಭವದ ಮಾತು. ಬರ್ನಾರ್ಡನು ಯೌವನದಲ್ಲಿ ಕಠೋರವಾದ ಉಪವಾಸ ಜಾಗರಣೆಗಳಿಂದ ತನ್ನ ಜಠರವನ್ನು ಕೆಡಿಸಿಕೊಂಡವನು. ಸ್ನೇಹಿತನಾದ ಬಿಷಪ್ ಒಬ್ಬನು ಮಧ್ಯೆ ಪ್ರವೇಶಿಸಿ, ಅವನನ್ನು ಮಠದ ಹೊರಗಿನ ಗುಡಿಸಲೊಂದರಲ್ಲಿ ಒಂದು ವರ್ಷ ಬಲವಂತವಾಗಿ ವಿಶ್ರಮಿಸುವಂತೆ ಮಾಡಬೇಕಾಯಿತು. 1145ರಲ್ಲಿ ಅವನ ಶಿಷ್ಯನೇ ಮೂರನೆಯ ಯುಜೀನ್ ಎಂಬ ಹೆಸರಿನಿಂದ ಪೋಪ್ ಪದವಿಗೇರಿದಾಗ, ಬರ್ನಾರ್ಡನು ಅವನಿಗಾಗಿ ಒಂದು ಗ್ರಂಥವನ್ನೇ ಬರೆದನು. ಎಲ್ಲರಿಗೂ ನಿನ್ನನ್ನು ಕೊಟ್ಟುಕೊಳ್ಳುವ ನೀನು ಆ ಎಲ್ಲರಲ್ಲಿ ನಿನ್ನನ್ನೂ ಒಬ್ಬನೆಂದು ಎಣಿಸು ಎಂಬುದು ಅದರ ಒಂದು ಮುಖ್ಯ ಬುದ್ಧಿವಾದ. ಜಗದ್ಗುರುವಿನ ಪೀಠದಲ್ಲಿ ಕುಳಿತವನಿಗೇ ಇದನ್ನು ಹೇಳಬೇಕಾಗಿದ್ದರೆ, ಸಣ್ಣ ಊರಿನ ಪಾದ್ರಿಗೂ ದಾದಿಗೂ ಮನೆಯೊಡತಿಗೂ ಹೇಳಬೇಕಾದದ್ದರಲ್ಲಿ ಆಶ್ಚರ್ಯವೇನು?

ಕೆಲವೇ ಕೈಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಅಲ್ಪ. ಅಲ್ಪಸಂಖ್ಯೆಯ ಸಭೆಯಲ್ಲಿ ಎಲ್ಲ ಹೊರೆಯೂ ಕೆಲವೇ ಹೆಗಲುಗಳ ಮೇಲೆ ಬೀಳುವುದು ಸಹಜ. ಪಾದ್ರಿಯೇ ಬೋಧಕ, ಪಾದ್ರಿಯೇ ಗುಮಾಸ್ತ, ಪಾದ್ರಿಯೇ ಜಗಳ ಬಿಡಿಸುವ ಪಂಚ. ಭಾನುವಾರ ಮಕ್ಕಳಿಗೆ ಪಾಠ ಹೇಳುವಾಕೆಯೇ ಗಾಯನದ ಮುಂದಾಳು. ಅವಳೇ ವಾರದ ಉಳಿದ ದಿನ ಶಾಲೆಯ ಉಪಾಧ್ಯಾಯಿನಿ, ಮನೆಯಲ್ಲಿ ವೃದ್ಧ ಅತ್ತೆಗೆ ದಾದಿ. ಎಲ್ಲರಿಗೂ ವಿಶ್ರಾಂತಿಯ ದಿನವಾದ ಭಾನುವಾರವು ಪಾದ್ರಿಯ ಪಾಲಿಗೆ ವಾರದಲ್ಲೆಲ್ಲ ದುಡಿಮೆಯ ದಿನ. ಇಂತಹವರಿಗೆ ವಿಶ್ರಾಂತಿಯ ಮಾತನ್ನೆತ್ತಿದರೆ ನಾಚಿಕೆಯಾಗುತ್ತದೆ. ಶಿಲುಬೆಯನ್ನು ಹೊರಬೇಕಾದವನಿಗೆ ಹಾಸಿಗೆಯ ಚಿಂತೆಯೇ ಎಂದುಕೊಳ್ಳುತ್ತಾರೆ.

ಈ ಸಂಕೋಚಕ್ಕೆ ಉತ್ತರವಾಗಿ ಹಿಂದಿನ ಮೈಸೂರು ಸಂಸ್ಥಾನದ ಮಿಶನರಿಗಳ ಚರಿತ್ರೆಯಲ್ಲಿಯೇ ಒಂದು ಮರೆಯಲಾಗದ ಪ್ರಸಂಗವಿದೆ. ಹಿರಿಯೂರಿನಿಂದ ದಕ್ಷಿಣಕ್ಕೆ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಕೆಲಸವನ್ನಾರಂಭಿಸಿದ್ದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ಐರಿಷ್ ತರುಣನು ಆ ಕೆಲಸಕ್ಕೆ ಬಂದನು. ಉತ್ಸಾಹದ ಬುಗ್ಗೆ; ಕನ್ನಡವನ್ನು ಬೇಗನೆ ಕಲಿತನು. ಆದರೆ ಎರಡು ವರ್ಷ ಕಳೆಯುವುದರೊಳಗೆ ಕಣ್ಣುಗಳು ಸೋತವು, ದೇಹ ಕುಸಿಯಿತು. 1841ರಲ್ಲಿ ಅವನು ಊರಿಗೆ ಹಿಂದಿರುಗಬೇಕಾಯಿತು.

ಅವನ ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಸೋಲಿನ ಕಥೆಯಾಗುತ್ತಿತ್ತು. ಹಾಗಾಗಲಿಲ್ಲ. ಮೈಸೂರು ಸೀಮೆಯ ಅನುಭವಗಳನ್ನು 1847ರಲ್ಲಿ ಗ್ರಂಥವಾಗಿ ಪ್ರಕಟಿಸಿದನು, 1851ರಿಂದ 1868ರವರೆಗೆ ಅದೇ ಮಿಶನ್ ಸಂಘದ ಕಾರ್ಯದರ್ಶಿಯಾಗಿ ನಾನಾ ದೇಶಗಳ ಕೆಲಸವನ್ನು ನೋಡಿಕೊಂಡನು, 1866ರಲ್ಲಿ ಮೆಥಡಿಸ್ಟ್ ಸಮ್ಮೇಳನದ ಅಧ್ಯಕ್ಷನಾದನು, 1901ರವರೆಗೆ ಬಾಳಿದನು. ಹಟ ಹಿಡಿದು ಗುಬ್ಬಿಯಲ್ಲಿಯೇ ಉಳಿದಿದ್ದರೆ ಬಹುಶಃ ಒಂದು ಸಮಾಧಿಯಷ್ಟೇ ಉಳಿಯುತ್ತಿತ್ತು. ದೇಹ ಹೇಳಿದ ಮಾತನ್ನು ಕೇಳಿದ್ದರಿಂದ ಆರು ದಶಕಗಳ ಸೇವೆ ಉಳಿಯಿತು.

ವೆಸ್ಲಿಯ ದಿನಚರಿ

ವೆಸ್ಲಿಯನ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿ (1703–1791) ಈ ವಿಷಯದಲ್ಲಿ ತನ್ನ ಅನುಯಾಯಿಗಳಿಗಿಂತ ಹೆಚ್ಚು ವಿವೇಕಿಯಾಗಿದ್ದನು. ಅವನ ದುಡಿಮೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕುದುರೆಯ ಮೇಲೆ ಅವನು ಕ್ರಮಿಸಿದ ದೂರ ಎರಡೂವರೆ ಲಕ್ಷ ಮೈಲಿಗಳೆಂದು ಅಂದಾಜು. ಆದರೆ ಅವನು ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದನೆಂಬುದನ್ನು ಹೊಗಳುವವರು, ಅದಕ್ಕಾಗಿ ರಾತ್ರಿ ಬೇಗನೆ ಮಲಗುತ್ತಿದ್ದನೆಂಬುದನ್ನು ಮರೆಯುತ್ತಾರೆ. ಮಿತವಾದ ಊಟ, ದಿನವೂ ವ್ಯಾಯಾಮ, ಗೊತ್ತಾದ ನಿದ್ರೆ ಇವು ಅವನ ಪಾಲಿಗೆ ಪ್ರಾರ್ಥನೆಯಷ್ಟೇ ಕಟ್ಟುನಿಟ್ಟಿನ ನಿಯಮಗಳಾಗಿದ್ದವು. 1746ರಲ್ಲಿ ಬಡವರಿಗೆ ಔಷಧಿ ಕೊಡುವ ಏರ್ಪಾಡು ಮಾಡಿದನು. 1747ರಲ್ಲಿ ಮನೆಮದ್ದುಗಳ ಪುಸ್ತಕವೊಂದನ್ನು ಪ್ರಕಟಿಸಿದನು. ಆತ್ಮಕ್ಕೆ ಬೋಧಿಸುವವನು ದೇಹವನ್ನು ಕಡೆಗಣಿಸಬಾರದೆಂದು ಅವನ ಮತ.

ಅವನಿಗೂ ಒಮ್ಮೆ ಪೆಟ್ಟು ಬಿತ್ತು. 1753ರ ಕೊನೆಯಲ್ಲಿ ಕಾಯಿಲೆ ಎಷ್ಟು ಬಿಗಡಾಯಿಸಿತೆಂದರೆ, ಸಾವು ಸಮೀಪಿಸಿತೆಂದು ತನ್ನ ಸಮಾಧಿಯ ಮೇಲಿನ ಬರಹವನ್ನು ತಾನೇ ಬರೆದಿಟ್ಟನು. ವೈದ್ಯರ ಮಾತಿನಂತೆ ಬ್ರಿಸ್ಟಲ್ ಬಳಿಯ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿ ನಿಂತನು. ಪ್ರಯಾಣವಿಲ್ಲ, ಉಪದೇಶವಿಲ್ಲ. ಆ ಬಿಡುವಿನಲ್ಲಿ, 1754ರ ಜನವರಿಯಲ್ಲಿ, ಹೊಸ ಒಡಂಬಡಿಕೆಗೆ ಟಿಪ್ಪಣಿಗಳನ್ನು ಬರೆಯಲು ತೊಡಗಿದನು. ಓಡಾಟದ ವರ್ಷಗಳಲ್ಲಿ ಆಗದಿದ್ದ ಕೆಲಸ ನಿಂತ ದಿನಗಳಲ್ಲಿ ಮೊದಲಾಯಿತು. ಸಮಾಧಿಯ ಬರಹವನ್ನು ಬರೆದ ಮೇಲೆ ಅವನು ಮೂವತ್ತೇಳು ವರ್ಷಗಳಿಗೂ ಮಿಕ್ಕು ಬದುಕಿದ್ದನು!

ಕನ್ನಡಿಗರು ಕೃತಜ್ಞತೆಯಿಂದ ನೆನೆಯುವ ಫರ್ಡಿನೆಂಡ್ ಕಿಟ್ಟೆಲರ ಜೀವನವೂ ಇದೇ ಪಾಠ ಹೇಳುತ್ತದೆ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಅವರಿಗೆ ಆರೋಗ್ಯ ಎಂದೂ ಪೂರ್ತಿಯಾಗಿ ಕೈಕೊಡಲಿಲ್ಲವೆನ್ನುವಂತಿರಲಿಲ್ಲ. ಕಣ್ಣಿನ ಬಾಧೆ ಬಿಡಲಿಲ್ಲ. ನಡುವೆ ಕೆಲವು ವರ್ಷ ತಾಯ್ನಾಡಿಗೆ ಹೋಗಿದ್ದು ಮತ್ತೆ ಬಂದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಾಗ ಅವರ ವಯಸ್ಸು ಅರುವತ್ತನ್ನು ದಾಟಿತ್ತು. ದೀರ್ಘವಾದ ಕೆಲಸಕ್ಕೆ ದೀರ್ಘವಾದ ಉಸಿರು ಬೇಕು. ಉಸಿರನ್ನು ಕಾಯ್ದುಕೊಳ್ಳುವುದು ಕೆಲಸದ ಒಂದು ಭಾಗವೇ ಹೊರತು ಕೆಲಸದಿಂದ ಕದ್ದ ಸಮಯವಲ್ಲ.

ಶಾಸ್ತ್ರದ ಸಾಕ್ಷಿ

ಕ್ರೈಸ್ತರ ವೇದಗ್ರಂಥದಲ್ಲಿ ಈ ವಿಚಾರ ಅಲ್ಲಲ್ಲಿ ಮನೆಮಾತಿನಷ್ಟು ಸರಳವಾಗಿ ಬರುತ್ತದೆ. ಪ್ರವಾದಿಯಾದ ಎಲೀಯನು ಬಹುದೊಡ್ಡ ಜಯದ ಮರುದಿನವೇ ಅಧೀರನಾಗಿ ಮರುಭೂಮಿಗೆ ಓಡಿ, ಗಿಡವೊಂದರ ಕೆಳಗೆ ಬಿದ್ದು ಸಾವನ್ನು ಬೇಡಿದನು. ಆಗ ಬಂದ ದೇವದೂತನು ಅವನನ್ನು ಬೈಯಲಿಲ್ಲ, ಬೋಧಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟನು, ಮಲಗಲು ಬಿಟ್ಟನು, ಎಬ್ಬಿಸಿ ಮತ್ತೆ ಉಣಿಸಿದನು. ಎರಡು ಊಟ, ಎರಡು ನಿದ್ರೆ ಆದ ಮೇಲೆಯೇ ಮುಂದಿನ ದಾರಿಯ ಮಾತು. ಮೋಶೆಯು ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಕಂಡ ಅವನ ಮಾವನಾದ ಇತ್ರೋನನು, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರೆಂದು ಎಚ್ಚರಿಸಿ, ಹತ್ತು ಮಂದಿಗೆ, ಐವತ್ತು ಮಂದಿಗೆ, ನೂರು ಮಂದಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸಲು ಹೇಳಿದನು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದ ಪ್ರಸಂಗ. ಶಿಷ್ಯರಿಗೆ ಊಟ ಮಾಡಲೂ ಬಿಡುವಿಲ್ಲದಷ್ಟು ಜನಸಂದಣಿ. ಯೇಸುಸ್ವಾಮಿ ಅವರನ್ನು ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳಲು ಏಕಾಂತ ಸ್ಥಳಕ್ಕೆ ಕರೆದೊಯ್ದರು. ಆದರೆ ಜನರು ಮುಂದಾಗಿ ಓಡಿ ಅಲ್ಲಿಯೂ ಕಾದಿದ್ದರು! ಗುರುವು ಕನಿಕರಪಟ್ಟು ಬೋಧಿಸಿದರು, ಉಣಬಡಿಸಿದರು. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಸಂಜೆ ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಬೀಳ್ಕೊಟ್ಟು, ತಾವೊಬ್ಬರೇ ಬೆಟ್ಟವನ್ನೇರಿ ಪ್ರಾರ್ಥನೆಗೆ ಕುಳಿತರು. ನಿಜವಾದ ಸಂಕಟ ಬಾಗಿಲಿಗೆ ಬಂದಾಗ ವಿಶ್ರಾಂತಿಯನ್ನು ಬಿಟ್ಟುಕೊಡಬಹುದು. ಬಿಟ್ಟುಕೊಟ್ಟದ್ದನ್ನು ಮತ್ತೆ ಪಡೆಯುವುದನ್ನು ಮಾತ್ರ ಮರೆಯಬಾರದು.

ದೇಹವು ಪವಿತ್ರಾತ್ಮನ ಆಲಯವೆಂದು ಪೌಲನು ಕೊರಿಂಥದವರಿಗೆ ಬರೆದನು. ದೇಹವನ್ನೇ ದೇವಾಲಯವೆಂದು ಕಂಡ ಶರಣರ ನಾಡಿನವರಿಗೆ ಈ ಮಾತು ಹೊಸದೆನಿಸದು. ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂಬ ಭಾವವನ್ನು ಕಾಳಿದಾಸನೂ ಕುಮಾರಸಂಭವದಲ್ಲಿ ತಂದಿದ್ದಾನೆ.

ಹಾಗಾದರೆ ಆತ್ಮನಿರಾಕರಣೆಯ ಉಪದೇಶಕ್ಕೆ ಏನರ್ಥ? ತನ್ನನ್ನು ನಿರಾಕರಿಸುವುದು ಬೇರೆ, ತನ್ನನ್ನು ಕಡೆಗಣಿಸುವುದು ಬೇರೆ. ನಿರಾಕರಿಸಬೇಕಾದದ್ದು ಅಹಂಕಾರವನ್ನು. ಬಳಲಿ ಬೆಂಡಾಗಿಯೂ ನಿಲ್ಲಲೊಲ್ಲದವನ ಎದೆಯಲ್ಲಿ ಎಷ್ಟೋ ಸಲ ಅಡಗಿರುವುದು ತ್ಯಾಗವಲ್ಲ. ನಾನಿಲ್ಲದಿದ್ದರೆ ಏನೂ ನಡೆಯದೆಂಬ ಭ್ರಮೆ. ವಾರಕ್ಕೊಂದು ದಿನ ಕೈಕಟ್ಟಿ ಕುಳಿತುಕೊಳ್ಳಬೇಕೆಂಬ ವಿಧಿಯು ಈ ಭ್ರಮೆಗೆ ಮದ್ದು. ಲೋಕವನ್ನು ನಡೆಸುವವನು ಬೇರೊಬ್ಬನಿದ್ದಾನೆಂಬುದನ್ನು ಆ ದಿನ ಮನಗಾಣಿಸುತ್ತದೆ.

ಕೋಟೆಯ ಕಾವಲುಗಾರನ ಊಟ

ಚಿತ್ರದುರ್ಗದ ಮಕ್ಕಳಿಗೆಲ್ಲ ಒನಕೆ ಓಬವ್ವನ ಕಥೆ ಗೊತ್ತು. ಹೈದರಾಲಿಯ ಮುತ್ತಿಗೆಯ ಕಾಲ. ಕಾವಲುಗಾರನಾದ ಗಂಡನು ಊಟಕ್ಕೆ ಬಂದಿದ್ದಾನೆ. ನೀರು ತರಲು ಹೋದ ಓಬವ್ವನಿಗೆ ಕಿಂಡಿಯಲ್ಲಿ ನುಸುಳುತ್ತಿರುವ ಶತ್ರುಗಳು ಕಂಡರು. ಗಂಡನ ಊಟವನ್ನು ಕೆಡಿಸದೆ ಅವಳು ಒನಕೆಯನ್ನು ಕೈಗೆತ್ತಿಕೊಂಡಳು. ಆಕೆಯ ಶೌರ್ಯವನ್ನು ಹಾಡುವ ಈ ಕಥೆಯಲ್ಲಿ ಇನ್ನೊಂದು ಸಣ್ಣ ನೀತಿಯೂ ಅಡಗಿದೆ. ಕಾವಲುಗಾರನೂ ಉಣ್ಣಲೇಬೇಕು. ಅವನನ್ನು ಉಪವಾಸವಿಟ್ಟು ಕೋಟೆಯನ್ನು ಕಾಯಲಾಗದು; ಅವನು ಉಣ್ಣುವಾಗ ಕಿಂಡಿಯ ಬಳಿ ಇನ್ನೊಬ್ಬರಿರಬೇಕು, ಅಷ್ಟೆ.

ಆಸ್ಪತ್ರೆಗಳು ಈ ನೀತಿಯನ್ನು ಚೆನ್ನಾಗಿ ಅರಿತಿವೆ. ದಾದಿಯೊಬ್ಬಳು ತನ್ನ ಪಾಳಿ ಮುಗಿದೊಡನೆ ರೋಗಿಗಳನ್ನು ಇನ್ನೊಬ್ಬಳ ಕೈಗೊಪ್ಪಿಸಿ ಮನೆಗೆ ಹೋಗುತ್ತಾಳೆ. ಅದನ್ನು ಯಾರೂ ನಿರ್ದಯೆಯೆನ್ನುವುದಿಲ್ಲ. ಬೆಂಗಳೂರಿನಲ್ಲಿ 1886ರಲ್ಲಿ ಕ್ರೈಸ್ತ ಸಂನ್ಯಾಸಿನಿಯರು ತೆರೆದ ಆಸ್ಪತ್ರೆಗೆ ಸಂತ ಮಾರ್ಥಳ ಹೆಸರಿದೆ. ಅತಿಥಿಸತ್ಕಾರದ ಗಡಿಬಿಡಿಯಲ್ಲಿ ಕಳವಳಗೊಂಡು, ಗುರುವಿನ ಪಾದದ ಬಳಿ ಸುಮ್ಮನೆ ಕುಳಿತ ತಂಗಿಯನ್ನು ದೂರಿದ ಮಾರ್ಥಳೇ ಈಕೆ. ಯೇಸುಸ್ವಾಮಿ ಅವಳ ಸೇವೆಯನ್ನು ಜರೆಯಲಿಲ್ಲ. ಅವಳ ಕಳವಳವನ್ನು ತೋರಿಸಿಕೊಟ್ಟರು.

ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಅನುಮೋದಿಸುತ್ತದೆ. ದುಡಿಮೆಯಿಂದ ಬೆಂದು ಬೂದಿಯಾಗುವ ಸ್ಥಿತಿಗೆ ‘ಬರ್ನ್‌ಔಟ್’ ಎಂಬ ಹೆಸರನ್ನು ವೈದ್ಯಕೀಯ ಬರಹಕ್ಕೆ ತಂದವನು ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. 1974ರಲ್ಲಿ ಅವನು ಅದರ ಲಕ್ಷಣಗಳನ್ನು ವಿವರಿಸಿದ್ದು ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರನ್ನು ನೋಡಿ! 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೂರು ಗುರುತುಗಳನ್ನು ಹೇಳಿತು: ಶಕ್ತಿ ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ, ಕೆಲಸದ ಫಲ ಕುಗ್ಗುವುದು. ಸೇವೆ ಮಾಡುವವನಿಗೆ ಎರಡನೆಯದೇ ಘೋರ. ಯಾರನ್ನು ಪ್ರೀತಿಸಲು ಹೊರಟನೋ ಅವರನ್ನೇ ಅವನು ಹೊರೆಯೆಂದು ಕಾಣತೊಡಗುತ್ತಾನೆ.

ಹಿನ್ನೀರಿನ ಎಚ್ಚರಿಕೆ

ಆದರೆ ಕೆರೆಯ ಹೋಲಿಕೆಗೂ ಎರಡು ಎಚ್ಚರಿಕೆಗಳು ಅವಶ್ಯ. ನಿಂತು ಹರಿಯದ ನೀರು ಪಾಚಿ ಕಟ್ಟುತ್ತದೆ, ಸೊಳ್ಳೆ ಸಾಕುತ್ತದೆ. ತನ್ನ ನಿದ್ರೆ, ತನ್ನ ಪಥ್ಯ, ತನ್ನ ಮನಶ್ಶಾಂತಿ ಎಂದು ದಿನವಿಡೀ ತನ್ನನ್ನೇ ಸುತ್ತುವವನು ಕೆರೆಯಲ್ಲ, ಹೊಂಡ. ತುಂಬುವುದರ ಗುರಿ ಹರಿಯುವುದು.

ಎರಡನೆಯದು ಹೊಸದುರ್ಗದವರು ಕಂಡ ಮಾತು. 2022ರಲ್ಲಿ ಹಿರಿಯೂರಿನವರು ಕೋಡಿಯ ಸಂಭ್ರಮದಲ್ಲಿದ್ದಾಗ, ಮೇಲ್ಗಡೆ ಹೊಸದುರ್ಗ ತಾಲ್ಲೂಕಿನ ಕೆಲವು ಹೊಲ ತೋಟಗಳಿಗೆ ಹಿನ್ನೀರು ನುಗ್ಗಿತು. ಒಂದೆಡೆ ತುಂಬಿದ ನೀರು ಇನ್ನೊಂದೆಡೆ ಬೆಳೆಯನ್ನು ಮುಳುಗಿಸಿತು. ಮನೆಗಳಲ್ಲಿಯೂ ಹೀಗಾಗುವುದುಂಟು. ಭಾನುವಾರ ಮಧ್ಯಾಹ್ನ ಯಜಮಾನರು ನೆಮ್ಮದಿಯಾಗಿ ಮಲಗಿರುತ್ತಾರೆ. ಆ ನಿದ್ರೆಯ ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಒಬ್ಬಾಕೆಯಿರುತ್ತಾಳೆ. ಎಲ್ಲರೂ ಉಂಡ ಮೇಲೆ ಉಣ್ಣುವ, ಎಲ್ಲರೂ ಮಲಗಿದ ಮೇಲೆ ಮಲಗುವ, ತನ್ನ ತಲೆನೋವನ್ನು ಯಾರಿಗೂ ಹೇಳದ ತಾಯಿಯನ್ನು ದೇವತೆಯೆಂದು ಹೊಗಳುವುದು ಸುಲಭ. ದೇವತೆಗೆ ಹಸಿವಿಲ್ಲ, ನಿದ್ರೆ ಬೇಡ. ತಾಯಿಗೆ ಎರಡೂ ಬೇಕು. ತನ್ನ ವಿಶ್ರಾಂತಿ ಯಾರ ಹೊಲವನ್ನು ಮುಳುಗಿಸುತ್ತಿದೆಯೆಂದು ಕೇಳಿಕೊಳ್ಳದವನ ವಿಶ್ರಾಂತಿ ಧರ್ಮವಾಗಲಾರದು, ಅವನು ಕ್ರೈಸ್ತನಾಗಲಿ, ಅಲ್ಲದಿರಲಿ.

ಮಾಡಬೇಕಾದದ್ದು ಕಷ್ಟವಾದದ್ದೇನಲ್ಲ. ಪಾದ್ರಿಗೆ ಭಾನುವಾರದ ಬದಲು ವಾರದ ಇನ್ನೊಂದು ದಿನವನ್ನು ಸಭೆಯವರೇ ಬಿಟ್ಟುಕೊಡಬಹುದು. ಹಿರಿಯರ ಶುಶ್ರೂಷೆಯಲ್ಲಿ ಒಡಹುಟ್ಟಿದವರು ಸರದಿ ಗೊತ್ತುಮಾಡಿಕೊಳ್ಳಬಹುದು. ವಾರಕ್ಕೊಂದು ಹೊತ್ತಿನ ಅಡುಗೆಯನ್ನು ಗಂಡನೂ ಮಕ್ಕಳೂ ವಹಿಸಿಕೊಳ್ಳಬಹುದು. ದಣಿದವರು, ದಣಿದಿದ್ದೇನೆಂದು ಹೇಳಲು ಕಲಿಯಬಹುದು. ಕೇಳಿದವರು, ಅದನ್ನು ಸೋಮಾರಿತನವೆಂದು ತಿಳಿಯದಿರಲು ಕಲಿಯಬಹುದು. ಹೊಳಲ್ಕೆರೆಯ ಅಡಿಕೆ ತೋಟದವನು ಗೊನೆಗೆ ನೀರೆರೆಯುವುದಿಲ್ಲ, ಬುಡಕ್ಕೆ ಎರೆಯುತ್ತಾನೆ. ಬುಡ ತಂಪಾದರೆ ಗೊನೆಯ ಚಿಂತೆ ಅವನಿಗಿಲ್ಲ.

ಚಿತ್ರದುರ್ಗದ ಕೋಟೆಯನ್ನು ಕಟ್ಟಿದವರು ಮಳೆಯ ನೀರಿಗೆ ಇದೇ ದಾರಿಯನ್ನು ಹಾಕಿಕೊಟ್ಟಿದ್ದರು. ಮೇಲಣ ಗೋಪಾಲಸ್ವಾಮಿ ಹೊಂಡ ತುಂಬಿ ಮಿಕ್ಕ ನೀರು ಅಕ್ಕ–ತಂಗಿಯರ ಹೊಂಡಕ್ಕೆ, ಅಲ್ಲಿಂದ ಮಿಕ್ಕದ್ದು ಕೆಳಗಿನ ಊರಿನ ಹೊಂಡಗಳಿಗೆ. ವಾಣಿವಿಲಾಸ ಸಾಗರಕ್ಕೂ ಈಚಿನ ವರ್ಷಗಳಲ್ಲಿ ಭದ್ರೆಯ ನೀರು ನೆರವಾಗಿ ಬಂದಿದೆ. 2025ರಲ್ಲಿ ಅದು ಮತ್ತೊಮ್ಮೆ ಕೋಡಿ ಹರಿಯಿತು. ದೊಡ್ಡ ಜಲಾಶಯವೂ ಇನ್ನೊಂದು ನದಿಯಿಂದ ನೀರು ಪಡೆಯಲು ನಾಚಲಿಲ್ಲ. ಜೀವಮಾನವೆಲ್ಲ ಕೊಟ್ಟೇ ಅಭ್ಯಾಸವಾದವರು, ಒಂದು ದಿನ ಇನ್ನೊಬ್ಬರು ತಂದಿತ್ತ ಒಂದು ಲೋಟ ನೀರನ್ನು ಕುಳಿತು ಕುಡಿಯಲು ನಾಚಬೇಕಾದದ್ದಿಲ್ಲ.